ಇನ್ನೂರ ಹದಿನಾಲ್ಕನೆಯ ಪುಟ

ತೊಳೆಯಬಹುದು, ಕೂರುವಂತಿಲ್ಲ. ಒಂಬತ್ತು ವರ್ಷ ಕೆಂಚಿ ಮಾಡಿದ ನೌಕರಿಯ ಕರಾರು ಇಷ್ಟೇ. ಯಾರೂ ಇದನ್ನು ಕಾಗದದ ಮೇಲೆ ಬರೆದು ಕೊಟ್ಟಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಕಂಪನಿಯ ಕಟ್ಟಡಕ್ಕೆ ನಾಲ್ಕು ಮಹಡಿ. ಅವಳ ಪಾಲಿಗೆ ಮಹಡಿಗೆ ಹನ್ನೆರಡು ಕಮೋಡು, ಎಲ್ಲವೂ ಹೆಂಗಸರವು. ಬೆಳಿಗ್ಗೆ ಆರಕ್ಕೆ ಶುರು ಮಾಡಿದರೆ ಮಧ್ಯಾಹ್ನದೊಳಗೆ ಎರಡು ಸುತ್ತು ಮುಗಿಯಬೇಕು. ಆಸಿಡ್ ಸುರಿದು, ಬ್ರಷ್ ಹಾಕಿ ತಿಕ್ಕಿ, ಕಟ್ಟಿಕೊಂಡಿದ್ದರೆ ಕೈ ಹಾಕಿ ಎಳೆದು, ನೆಲ ಒರೆಸಿ, ಕನ್ನಡಿ ಒರೆಸಿ ಬರಬೇಕು. ಗ್ಲೌಸು ಹರಿದರೆ ಮುಂದಿನ ತಿಂಗಳವರೆಗೆ ಬರಿಗೈ. ಅವಳ ಬಲಗೈಯ ಮೂರು ಬೆರಳುಗಳ ಚರ್ಮ ಸುಲಿದು ಸುಲಿದು ನುಣ್ಣಗಾಗಿತ್ತು.

ಕೆಂಚಿ ಹುಟ್ಟಿದಾಗ ಗಂಡು ಎಂದು ಬರೆಸಿದ್ದರು. ಹದಿನೇಳಕ್ಕೆ ಮನೆಯವರು ಒದ್ದು ಹೊರಗೆ ಹಾಕಿದ ಮೇಲೆ ಅವಳು ಹೆಣ್ಣಾಗಿಯೇ ಬದುಕಿದಳು. ಇದು ಕಂಪನಿಗೆ ಗೊತ್ತಿತ್ತು. ಗೊತ್ತಿದ್ದೇ ಹೆಂಗಸರ ನೀಲಿ ಸಮವಸ್ತ್ರ ಕೊಟ್ಟು ಹೆಂಗಸರ ಕಕ್ಕಸಿಗೆ ಹಾಕಿತ್ತು. ಗಂಡಸರನ್ನು ಅಲ್ಲಿಗೆ ಬಿಡುವಂತಿಲ್ಲ, ಆ ಸಂಬಳಕ್ಕೆ ಹೆಂಗಸರು ಬರುವುದಿಲ್ಲ. ಕೆಂಚಿ ಎರಡಕ್ಕೂ ಒದಗಿದಳು. ತೊಳೆಯುವಾಗ ಹೆಂಗಸು, ಉಚ್ಚೆ ಬಂದಾಗ ಗಂಡಸು. ಗಂಡಸರ ಕಕ್ಕಸಿಗೆ ಒಂದೇ ಒಂದು ಸಲ ಹೋಗಿದ್ದಳು. ಅಲ್ಲಿ ಏನಾಯಿತು ಎಂದು ಈವರೆಗೆ ಯಾರಿಗೂ ಹೇಳಿಲ್ಲ. ಆಮೇಲೆ ಒಂಬತ್ತು ವರ್ಷವೂ ಜನರೇಟರ್ ಕೋಣೆಯ ಹಿಂದೆ, ಬಾಯಿ ಕೊಯ್ದ ಪ್ಲಾಸ್ಟಿಕ್ ಕ್ಯಾನು.

ಒಂದು ದಿನ ಹೊಟ್ಟೆ ಕೆಟ್ಟಿತು. ಮೂರನೇ ಮಹಡಿಯಿಂದ ಜನರೇಟರ್ ಕೋಣೆಗೆ ಇಳಿಯುವಷ್ಟು ಪುರುಸೊತ್ತನ್ನು ಹೊಟ್ಟೆ ಕೊಡಲಿಲ್ಲ. ಹತ್ತು ನಿಮಿಷದ ಹಿಂದೆ ತಾನೇ ತೊಳೆದಿದ್ದ ಕಮೋಡಿನ ಮೇಲೆ ಕೂತಳು. ಬಾಗಿಲ ಕೆಳಗೆ ರಬ್ಬರ್ ಚಪ್ಪಲಿ ನೋಡಿದವರು ಯಾರೋ ಕೂಗಿದರು. ಕಾವಲುಗಾರರು ಬಂದು ಬಾಗಿಲು ಒದ್ದರು. ತೊಳೆದುಕೊಳ್ಳಲೂ ಬಿಡದೆ ಎಳೆದುಕೊಂಡು ಹೋದರು.

ಕಾವಲುಗಾರರ ಕೋಣೆಯಲ್ಲಿ ನಾಲ್ಕು ಜನ ಇದ್ದರು. ಸೂಪರ್‌ವೈಸರ್, ಇಬ್ಬರು ಕಾವಲುಗಾರರು, ಸಿಬ್ಬಂದಿ ವಿಭಾಗದ ಒಬ್ಬ ಹೆಂಗಸು ಅಧಿಕಾರಿ. "ಪರೀಕ್ಷೆ ಮಾಡಬೇಕು" ಅಂದರು. ಪರೀಕ್ಷೆ ಎಂದರೆ ಬಿಚ್ಚಿಸುವುದು. ಪುಸ್ತಕದಲ್ಲೇ ಹೀಗಿದೆ ಎಂದು ಅಧಿಕಾರಿ ಒಂದು ಕಾಗದ ತೋರಿಸಿದಳು. ಒಬ್ಬ ಮೊಬೈಲಿನ ಟಾರ್ಚ್ ಹಾಕಿದ. ಇನ್ನೊಬ್ಬ "ಚಕ್ಕಾನೇ ಕಣೋ, ನಾ ಹೇಳ್ಲಿಲ್ವಾ" ಎಂದು ನಕ್ಕ. ಅಧಿಕಾರಿ ಹೆಂಗಸು ಮುಟ್ಟಲಿಲ್ಲ, ಮೇಜಿನ ಆಚೆಯಿಂದ ಬಗ್ಗಿ ನೋಡಿದಳು. ನೋಡಿ ಮುಗಿದ ಮೇಲೆ ಕೈಚೀಲದಿಂದ ಸಣ್ಣ ಬಾಟಲಿ ತೆಗೆದು ಎರಡೂ ಕೈಗೆ ಔಷಧಿ ಉಜ್ಜಿಕೊಂಡಳು. ಮುಟ್ಟದ ಕೈಗೆ! ಕಣ್ಣಿಗೆ ಉಜ್ಜಿಕೊಳ್ಳಬೇಕಿತ್ತು ಆ ಪುಣ್ಯಾತ್ಗಿತ್ತಿ.

"ಬಟ್ಟೆ ಹಾಕ್ಕೊ. ಹೋಗೋಕೆ ಮುಂಚೆ ಆ ಕಮೋಡು ತೊಳೆದು ಹೋಗು" ಅಂದಳು.

ಕೆಂಚಿ ಹೋಗಿ ತೊಳೆದಳು. ಆ ಮಾತು ಬಂದಾಗಲೆಲ್ಲ ಅವಳು ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಿದ್ದಳು. ಬಿಚ್ಚಿಸಿದ್ದಕ್ಕಿಂತ ಆ ತೊಳೆದದ್ದು ಅವಳನ್ನು ಹೆಚ್ಚು ಸುಡುತ್ತಿತ್ತು. ಮೂರನೇ ದಿನ ಕೆಲಸದಿಂದ ತೆಗೆದ ಕಾಗದ ಕೈಗೆ ಬಂತು. ಅದನ್ನು ಹಿಡಿದುಕೊಂಡು ಅವಳು ಕಾನೂನಮ್ಮನ ಹತ್ತಿರ ಬಂದಳು.

ಕಾನೂನಮ್ಮ ಎಂದರೆ ವಕೀಲೆ. ಆ ಹೆಸರು ಇಟ್ಟವರು ಕೆಂಚಿಯ ಕಡೆಯ ಜನ. ಹುಟ್ಟಿದಾಗ ಗಂಡು ಎಂದು ಬರೆಸಿಕೊಂಡು, ಆ ಬರಹದ ಜೊತೆ ಜೀವಮಾನವೆಲ್ಲ ಗುದ್ದಾಡುವವರು. ಕಾನೂನಮ್ಮನೂ ಅವರಲ್ಲೊಬ್ಬಳು. ನಲವತ್ತೊಂದನೇ ವಯಸ್ಸಿಗೆ ಊರು, ಕಾಲೇಜಿನ ನೌಕರಿ, ಹೆಸರು ಮೂರನ್ನೂ ಬಿಟ್ಟು ಈ ಊರಿಗೆ ಬಂದು ಹೆಣ್ಣಾಗಿ ಬದುಕಿದವಳು. ಈಗ ಐವತ್ತೊಂಬತ್ತು. ಈ ಹದಿನೆಂಟು ವರ್ಷದಲ್ಲಿ ಅವಳು ಬಡಿದಾಡದ ಕಚೇರಿಯಿಲ್ಲ. ಮತದಾರರ ಪಟ್ಟಿಯಲ್ಲಿ ಹೆಸರು, ಬಾಡಿಗೆ ಮನೆ, ಆಸ್ಪತ್ರೆಯಲ್ಲಿ ಹಾಸಿಗೆ, ಸತ್ತರೆ ಹೂಳಲು ಆರಡಿ ಜಾಗ, ಪ್ರತಿಯೊಂದಕ್ಕೂ ಒಂದೊಂದು ಕೇಸು. ಅವಳು ಬರೆದ ಲೇಖನಗಳನ್ನು ದೂರದ ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡುತ್ತಾರೆ. ಅದೇ ಕಾನೂನಮ್ಮ ಕೋರ್ಟಿಗೆ ಹೋಗುವ ದಿನ ಬೆಳಿಗ್ಗೆಯಿಂದ ಒಂದು ಗುಟುಕು ನೀರು ಕುಡಿಯುವುದಿಲ್ಲ. ಅಲ್ಲಿ ಗಂಡಸರದ್ದೊಂದು ಕಕ್ಕಸು, ಹೆಂಗಸರದ್ದೊಂದು ಕಕ್ಕಸು. ಎರಡರ ಬಾಗಿಲಲ್ಲೂ ಮುಖ ಸಿಂಡರಿಸುವವರಿದ್ದಾರೆ. ಎರಡು ಸಲ ಮೂತ್ರಪಿಂಡಕ್ಕೆ ಸೋಂಕು ತಗುಲಿ ಆಸ್ಪತ್ರೆ ಸೇರಿದ್ದಾಳೆ. ದೇಶಕ್ಕೆಲ್ಲ ಹಕ್ಕು ಹೇಳುವವಳ ಗತಿ ಇದು.

ಅವಳ ಕಚೇರಿ ಜೆರಾಕ್ಸ್ ಅಂಗಡಿಯ ಮೇಲಿನ ಒಂದು ಕೋಣೆ. ಮೂಲೆಯಲ್ಲಿ ಒಂದು ಕೈತೊಳೆಯುವ ಬೇಸಿನ್ನು. ಕೆಂಚಿ ಎಲ್ಲವನ್ನೂ ಹೇಳಿ ಕಾಗದ ಮುಂದಿಟ್ಟಳು. ಕಾನೂನಮ್ಮ ಓದಿದಳು. ಮೊದಲ ಸಾಲು ದುರ್ನಡತೆ. ಎರಡನೇ ಸಾಲು ಮಹಿಳಾ ಸಿಬ್ಬಂದಿಯ ಗೌರವ. ಮೂರನೇ ಸಾಲು ಒಂದು ಪುಸ್ತಕದಿಂದ ಎತ್ತಿದ್ದು: "ಹುಟ್ಟಿನ ದಾಖಲೆಯಲ್ಲಿ ಇರುವುದೇ ಕೆಲಸಗಾರನ ಲಿಂಗವೆಂದು ಮಾಲೀಕನು ನಂಬಬಹುದು." ಕೆಳಗೆ ಪುಸ್ತಕದ ಹೆಸರು, ಬರೆದವರ ಹೆಸರು, ಪುಟ ಇನ್ನೂರ ಹದಿನಾಲ್ಕು.

ಕಾನೂನಮ್ಮ ಎದ್ದು ಬೇಸಿನ್ನಿಗೆ ಹೋಗಿ ವಾಂತಿ ಮಾಡಿಕೊಂಡಳು.

"ಅಯ್ಯೋ ಅಮ್ಮಾ, ನನ್ನ ಹಾಳು ಕಥೆ ಕೇಳಿ ಹೀಗಾಯ್ತಲ್ಲ" ಎಂದು ಕೆಂಚಿ ಓಡಿ ಬಂದು ಬೆನ್ನು ಸವರಿದಳು. ಕಾನೂನಮ್ಮ ಬಾಯಿ ಒರೆಸಿಕೊಂಡು ತಿರುಗುವಷ್ಟರಲ್ಲಿ ಕೆಂಚಿ ನಲ್ಲಿ ಬಿಟ್ಟು ಬರಿಗೈಯಲ್ಲಿ ಬೇಸಿನ್ನು ತೊಳೆಯುತ್ತಿದ್ದಳು.

"ಬಿಡು. ನಾನು ತೊಳೀತೀನಿ."

"ಇರ್ಲಿ ಬಿಡಿ ಅಮ್ಮಾ. ನಂಗೆ ಅಭ್ಯಾಸ."

ಆ ಪುಸ್ತಕ ಬರೆದವಳು ಕಾನೂನಮ್ಮನೇ. ಹೆಸರು ಮಾತ್ರ ಹಳೆಯದು, ಗಂಡಸಿನದ್ದು.

ಮೂವತ್ತೊಂದು ವರ್ಷದ ಹಿಂದಿನ ಮಾತು. ಆಗ ಅವಳು ಕಾಲೇಜಿನಲ್ಲಿ ಇಪ್ಪತ್ತೆಂಟರ ಮೇಷ್ಟ್ರು, ಮೀಸೆ ಬಿಟ್ಟ ಮೇಷ್ಟ್ರು. ಸಿಬ್ಬಂದಿ ಕೋಣೆಯಲ್ಲಿ ಗುಸುಗುಸು ಶುರುವಾಗಿತ್ತು. ನಡಿಗೆ ನೋಡಿ, ಕೈ ಆಡಿಸೋದು ನೋಡಿ ಎಂದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮೇಷ್ಟ್ರು ಹೆದರಿ ಹೋದರು. ಕಾರ್ಮಿಕ ಕಾನೂನಿನ ದಪ್ಪ ಪುಸ್ತಕ ಬರೆಯುತ್ತಿದ್ದರು. ಅದರಲ್ಲಿ ಈ ವಿಷಯ ಬೇಕೇ ಇರಲಿಲ್ಲ. ಆದರೂ ಒಂದು ಪುಟ ಸೇರಿಸಿದರು, ತಾನು ಅಂಥವನಲ್ಲ ಎಂದು ಜಗತ್ತಿಗೆ ತೋರಿಸಲು. ಆಧಾರಕ್ಕೆ ಹಳೆಯದೊಂದು ತೀರ್ಪು ಹುಡುಕಿದರು. ಸಣ್ಣ ನ್ಯಾಯಮಂಡಳಿಯದ್ದು, ಗಿರಣಿ ಕೆಲಸಗಾರ್ತಿಯೊಬ್ಬಳದ್ದು. ಅದರಲ್ಲಿ ಪೂರ್ತಿ ವಾಕ್ಯ ಹೀಗಿತ್ತು: "ಹುಟ್ಟಿನ ದಾಖಲೆಯಲ್ಲಿ ಇರುವುದೇ ಕೆಲಸಗಾರನ ಲಿಂಗವೆಂದು ಮಾಲೀಕನು ನಂಬಬಹುದು, ಆದರೆ ಕೆಲಸಗಾರ ತಾನು ಬೇರೆಯೆಂದು ಹೇಳಿಕೊಂಡ ಗಳಿಗೆಯಿಂದ ಆ ನಂಬಿಕೆಗೆ ಬೆಲೆಯಿಲ್ಲ." ಮೇಷ್ಟ್ರು ಮೊದಲ ಅರ್ಧ ಎತ್ತಿಕೊಂಡು ಬಾಲ ಕತ್ತರಿಸಿದರು. ಗುಸುಗುಸು ನಿಂತಿತು. ಹಿರಿಯ ಪ್ರೊಫೆಸರು ಬೆನ್ನು ತಟ್ಟಿದರು.

ಬೇರೆಯವರು ಮೂಲ ತೆಗೆದು ನೋಡಿದರೆ? ಅದಕ್ಕೂ ದಾರಿ ಮಾಡಿದರು. ಆ ತೀರ್ಪಿನ ಸಂಪುಟ ಅಚ್ಚಾದದ್ದೇ ನೂರೋ ನೂರೈವತ್ತೋ ಪ್ರತಿ. ಕಾಲೇಜಿನ ಗ್ರಂಥಾಲಯದಿಂದ ಎರವಲು ತಂದ ಪ್ರತಿಯನ್ನು ಅವರು ವಾಪಸು ಕೊಡಲೇ ಇಲ್ಲ. ಹೆದರುವ ಅಗತ್ಯವೂ ಇರಲಿಲ್ಲ. ವಕೀಲರು ಯಾರೂ ಮೂಲ ತೀರ್ಪು ಓದುವುದಿಲ್ಲ, ಪುಸ್ತಕ ಓದುತ್ತಾರೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಆ ಪುಟ ಕೋರ್ಟಿನಿಂದ ಕೋರ್ಟಿಗೆ ಹೋಯಿತು. ಎಷ್ಟು ಜನರ ಅನ್ನ ಕಿತ್ತುಕೊಂಡಿತೋ, ಲೆಕ್ಕ ಇಟ್ಟವರಿಲ್ಲ.

ಹೆಣ್ಣಾದ ಮೇಲೆ ಅವಳು ತಪ್ಪು ತಿದ್ದಬಹುದಿತ್ತು. ಪುಸ್ತಕ ಅಚ್ಚು ಹಾಕುವವರು ಪ್ರತಿ ಮುದ್ರಣಕ್ಕೂ ಕೇಳುತ್ತಿದ್ದರು, ಹೊಸ ಹೆಸರು ಹಾಕೋಣವೇ, ಏನಾದರೂ ತಿದ್ದುವುದಿದೆಯೇ ಎಂದು. "ಆ ಮನುಷ್ಯ ಸತ್ತ. ಅವನ ಪುಸ್ತಕ ನಾನು ಮುಟ್ಟಲ್ಲ" ಎಂದುಬಿಡುತ್ತಿದ್ದಳು. ಅದು ಸ್ವಾಭಿಮಾನ ಎಂದುಕೊಂಡಿದ್ದಳು. ಹಳೆಯ ಹೆಸರನ್ನು ಬಾಯಿಂದ ಆಡಬಾರದು, ಕೈಯಿಂದ ಬರೆಯಬಾರದು, ಹೂತದ್ದನ್ನು ಅಗೆಯಬಾರದು. ಅವಳಂಥವರೆಲ್ಲರಿಗೂ ಇದು ಪ್ರಾಣಕ್ಕೆ ಸಮನಾದ ನೇಮ. ಅದೇ ನೇಮದ ಸೆರಗಿನಲ್ಲಿ ಸುಳ್ಳು ಬೆಚ್ಚಗೆ ಮಲಗಿತ್ತು, ಏಳು ಮುದ್ರಣ ಕಂಡಿತ್ತು.

ಕೆಂಚಿಯ ಕೇಸು ಹಿಡಿದಳು. ನಿಜ ಹೇಳಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಲೆಕ್ಕ. ಸಂಪುಟದ ಇನ್ನೊಂದು ಪ್ರತಿಗಾಗಿ ಏಳು ಗ್ರಂಥಾಲಯಗಳಿಗೆ ಬರೆದಳು. ಏಳೂ ಕಡೆಯಿಂದ ಇಲ್ಲ ಎಂದೇ ಉತ್ತರ ಬಂತು, ಒಂದು ಕಡೆ ಗೆದ್ದಲು, ಇನ್ನೊಂದು ಕಡೆ ಬೆಂಕಿ. ಕೊನೆಗೆ ತನ್ನ ಪ್ರತಿಯ ಆ ಒಂದು ಪುಟವನ್ನಷ್ಟೇ ಕೆಳಗಿನ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿ, ಅಂಚಿನ ಬರಹ ಕಾಣದಂತೆ ಮುಚ್ಚಿ, ಕೋರ್ಟಿಗೆ ಹಾಕಿದಳು. ಕಂಪನಿ ವಕೀಲ ಎದ್ದು ನಿಂತ. ಇದು ಎಲ್ಲಿಯ ಪ್ರತಿ, ಯಾರ ಮೊಹರು, ಮೂಲ ಎಲ್ಲಿ ಎಂದು ಕೇಳಿದ. ನ್ಯಾಯಾಧೀಶರು ಮೂಲ ತನ್ನಿ ಎಂದು ಮೂರು ದಿನ ಕೊಟ್ಟರು.

ಮೂಲ ಅವಳ ಕಪಾಟಿನಲ್ಲಿತ್ತು. ಹಿಂದಿನ ರಟ್ಟಿಗೆ ಅಂಟಿಸಿದ ಎರವಲು ಚೀಟಿಯಲ್ಲಿ ಹಳೆಯ ಹೆಸರು, ಹಳೆಯ ಸಹಿ. ಆ ಪುಟದ ಅಂಚಿನಲ್ಲಿ, ವಾಕ್ಯ ಕತ್ತರಿಸಿದ ಜಾಗದಲ್ಲಿ, ಕೆಂಪು ಪೆನ್ಸಿಲಿನಲ್ಲಿ ಅವಳದೇ ಕೈಬರಹ: "ಇಲ್ಲಿಗೆ ಸಾಕು."

ವಿಚಾರಣೆಯ ಹಿಂದಿನ ಸಂಜೆ ಅವಳ ತಂಗಿ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಗಂಡ ಸತ್ತ ಮೇಲೆ ಅಕ್ಕನ ಜೊತೆಯೇ ಇದ್ದಾಳೆ. ಅವಳ ಬಾಯಲ್ಲಿ "ಅಕ್ಕ" ಎಂಬ ಮಾತು ಹೊರಡಲು ಆರು ವರ್ಷ ಹಿಡಿದಿತ್ತು. ಹೊರಟ ಮೇಲೆ ಯಾರಾದರೂ ಬೇರೆ ರೀತಿ ಕರೆದರೆ ಬಾಗಿಲಿಗೇ ಹೋಗಿ ಜಗಳ ಆಡುತ್ತಿದ್ದಳು. ಸಂಪುಟದ ಕಥೆ ಅವಳೊಬ್ಬಳಿಗೆ ಗೊತ್ತಿತ್ತು. ಮೇಜಿನ ಮೇಲೆ ಅದನ್ನು ನೋಡಿ ಚಾಕು ಕೆಳಗಿಟ್ಟಳು.

"ತಗೊಂಡ್ ಹೋಗ್ತೀಯಾ ಇದನ್ನ?"

"ಗೊತ್ತಿಲ್ಲ."

"ಹೋದ್ರೆ ಏನಾಗತ್ತೆ ಅಂತ ಗೊತ್ತು ತಾನೇ? ನಾಳೆಯಿಂದ ಬೀದೀಲಿ ಹೋಗೋ ನಾಯಿನೂ ಆ ಹೆಸರು ಹಿಡಿದು ಕರಿಯತ್ತೆ. ಅಮ್ಮ ಸಾಯೋ ಹೊತ್ತಿಗೂ ಆ ಹೆಸರೇ ಕೂಗಿದ್ಲು, ನೀನು ಒಳಗೇ ಹೋಗ್ಲಿಲ್ಲ. ಹೆತ್ತವಳಿಗೆ ಇಲ್ಲದ್ದು ಈ ಕೆಂಚಿಗಾ?"

"ಅಮ್ಮನ ಕೆಲಸ ಕಿತ್ಕೊಂಡವಳು ನಾನಲ್ಲ."

"ವಕಾಲತ್ತು ಹೋಗತ್ತೆ. ಕಳ್ಳಿ ಅಂತಾರೆ."

"ಕದ್ದಿದ್ದೀನಲ್ಲ, ಮತ್ತೇನು ಅನ್ಬೇಕು?"

ತಂಗಿ ಕಣ್ಣೊರೆಸಿಕೊಂಡಳು. ಈರುಳ್ಳಿಯ ಮೇಲೆ ಹಾಕಿದಳು. "ಮಾಡಿದ್ದುಣ್ಣೋ ಮಹಾರಾಯ ಅನ್ನೋಕೆ ನಂಗೂ ಬರತ್ತೆ. ಆದ್ರೆ ನೀನು ಮಹಾರಾಯ ಅಲ್ವಲ್ಲ" ಎಂದಳು. ಇಬ್ಬರಿಗೂ ನಗು ಬಂತು. ಊಟ ಯಾರಿಗೂ ಸೇರಲಿಲ್ಲ.

ಮರುದಿನ ಕೋರ್ಟಿನ ಹಾಲ್ ತುಂಬಿತ್ತು. ಬೇರೆ ಕೆಲಸವಿಲ್ಲದ ವಕೀಲರೆಲ್ಲ ಬಂದು ಕೂತಿದ್ದರು. ಕಕ್ಕಸಿನ ಕೇಸು ಎಂದರೆ ಬಿಟ್ಟಿ ತಮಾಷೆ. ಕಂಪನಿ ವಕೀಲ ದುಂಡಗೆ, ಅತ್ತರು ಹಾಕಿಕೊಂಡು ಬಂದಿದ್ದ. ಹಿಂದಿನ ಬೆಂಚಿನಲ್ಲಿ ಕೆಂಚಿ ತೊಡೆಯ ಕೆಳಗೆ ಕೈ ಇಟ್ಟುಕೊಂಡು ಕೂತಿದ್ದಳು. ಅವಳ ಅಕ್ಕಪಕ್ಕದ ಜಾಗ ಮಾತ್ರ ಖಾಲಿ.

"ಸ್ವಾಮಿ, ಎದುರು ಪಕ್ಷದ ವಕೀಲ ಸಾರ್, ಅಯ್ಯೋ ತಪ್ಪಾಯ್ತು, ಮೇಡಂ..." ಎಂದು ಅವನು ಶುರು ಮಾಡಿದ. ಬೆಂಚುಗಳು ನಕ್ಕವು. ಆ ತಿಂಗಳಲ್ಲಿ ಅವನ ನಾಲಿಗೆ ತಪ್ಪಿದ್ದು ಅದು ಮೂರನೇ ಸಲ. ಮೂರು ಸಲವೂ ಅದೇ ಜಾಗದಲ್ಲಿ.

ಅವನು ದಪ್ಪ ಪುಸ್ತಕ ತೆರೆದು ಇನ್ನೂರ ಹದಿನಾಲ್ಕನೆಯ ಪುಟ ಓದಿದ. ರಾಗವಾಗಿ ಓದಿದ. ಬರೆದವರ ಹೆಸರನ್ನು ಎರಡು ಸಲ ಹೇಳಿದ. "ಇಂಥ ವಿದ್ವಾಂಸರು ಬರೆದಿಟ್ಟಿದ್ದಾರೆ ಸ್ವಾಮಿ. ನಮ್ಮ ಕಾವಲಿನವರು ಮಾಡಿದ್ದೇನು? ದಾಖಲೆಯಲ್ಲಿ ಇದ್ದದ್ದನ್ನ ಒಮ್ಮೆ ಕಣ್ಣಲ್ಲಿ ಖಾತ್ರಿ ಮಾಡ್ಕೊಂಡ್ರು, ಅಷ್ಟೇ. ಇವರು ಯಾವುದೋ ಜೆರಾಕ್ಸ್ ಹಿಡ್ಕೊಂಡು ಬಂದು ಅಂಥವರನ್ನ ಸುಳ್ಳುಗಾರ ಅಂತಾರೆ. ಆ ಮಹಾನುಭಾವರ ಮುಂದೆ ನಮ್ಮ ಮೇಡಂ ಯಾವ ಲೆಕ್ಕ?"

ಆ ವಾಕ್ಯ ಅವನ ಬಾಯಲ್ಲಿ ಎಷ್ಟು ಸಲೀಸಾಗಿ ಕೂತಿದೆ ಎಂದು ಕಾನೂನಮ್ಮ ಕೇಳಿಸಿಕೊಂಡಳು. ಅವನಿಗಾಗಿಯೇ ಬರೆದುಕೊಟ್ಟ ಹಾಗಿತ್ತು. ಬರೆದುಕೊಟ್ಟದ್ದೂ ಹೌದು.

"ಮೇಡಂ, ಈ ಪುಸ್ತಕ ಓದಿಯೇ ನಾವೆಲ್ಲ ಪಾಸಾಗಿರೋದು. ಇಷ್ಟು ವರ್ಷ ಯಾರೂ ತಪ್ಪು ಅಂದಿಲ್ಲ. ಮೂಲ ತಂದಿದ್ದೀರಾ? ಇಲ್ಲಾಂದ್ರೆ ನಿಮ್ಮ ಜೆರಾಕ್ಸ್ ತಳ್ಳಿಹಾಕಿ ಮುಂದೆ ಹೋಗ್ತೀನಿ" ಎಂದರು ನ್ಯಾಯಾಧೀಶರು. ಕೆಟ್ಟ ಮನುಷ್ಯರಲ್ಲ. ಗಡಿಯಾರ ನೋಡುತ್ತಿದ್ದರು.

ಸಂಪುಟ ಚೀಲದಲ್ಲಿತ್ತು. ಇಲ್ಲ ಎಂದುಬಿಟ್ಟರೆ ಅಲ್ಲಿಗೆ ಮುಗಿಯಿತು. ಕೆಂಚಿ ಸೋಲುತ್ತಾಳೆ, ಸೋತವರು ಮೊದಲೇನು ಕಡಿಮೆಯೇ? ಮೇಲಿನ ಕೋರ್ಟಿದೆ, ಮತ್ತೆ ನಾಲ್ಕು ವರ್ಷ, ಅಷ್ಟರಲ್ಲಿ ಬೇರೆ ಯಾರಾದರೂ... ಹೀಗೆ ಹಂಚಿಕೆ ಹಾಕುತ್ತಿರುವ ತನ್ನ ತಲೆಯನ್ನು ನೋಡಿ ಅವಳಿಗೇ ಅಸಹ್ಯವಾಯಿತು. ಮೂವತ್ತೊಂದು ವರ್ಷದ ಹಿಂದೆ ಮೀಸೆಯ ಮೇಷ್ಟ್ರ ತಲೆಯೂ ಥೇಟ್ ಹೀಗೇ ಓಡಿತ್ತು. ಸತ್ತ ಎಂದುಕೊಂಡಿದ್ದಳು. ಎಲ್ಲಿ ಸತ್ತಿದ್ದ?

ಚೀಲದಿಂದ ಸಂಪುಟ ತೆಗೆದು ಮೇಲೆ ಕೊಟ್ಟಳು.

ನ್ಯಾಯಾಧೀಶರು ಪುಟ ತಿರುವಿದರು. ಕೆಂಪು ಪೆನ್ಸಿಲ್ ನೋಡಿದರು. ಹಿಂದಿನ ರಟ್ಟು ನೋಡಿ ಹುಬ್ಬು ಗಂಟಿಕ್ಕಿದರು. "ಇದ್ರಲ್ಲಿ ಆ ಗ್ರಂಥಕರ್ತರ ಸಹಿ ಇದೆ. ಇದು ನಿಮ್ಮ ಕೈಗೆ ಹೇಗೆ ಬಂತು?"

"ನನ್ನ ಕೈಯಲ್ಲೇ ಇತ್ತು. ಆ ಪುಸ್ತಕ ಬರೆದವಳು ನಾನೇ." ಅವಳು ಹಳೆಯ ಹೆಸರನ್ನು ಹೇಳಿದಳು. ಹದಿನೆಂಟು ವರ್ಷದಲ್ಲಿ ಮೊದಲ ಸಲ, ತುಂಬಿದ ಕೋರ್ಟಿನಲ್ಲಿ. ನಾಲಿಗೆಯ ಮೇಲೆ ಹೊಲಸು ಇಟ್ಟಂತಾಯಿತು. "ಆಗ ನನ್ನ ಹೆಸರು ಅದು. ಆ ತೀರ್ಪಿನ ವಾಕ್ಯದ ಅರ್ಧ ಮಾತ್ರ ಬರೆದೆ, ಉಳಿದರ್ಧ ಮುಚ್ಚಿಟ್ಟೆ. ತಿಳಿಯದೆ ಆದ ತಪ್ಪಲ್ಲ, ಬೇಕಂತ ಮಾಡಿದ್ದು. ನನ್ನ ಮೇಲೆ ಯಾರಿಗೂ ಅನುಮಾನ ಬರಬಾರದು ಅಂತ. ಮೂಲ ಯಾರಿಗೂ ಸಿಗಬಾರದು ಅಂತ ಇದನ್ನೂ ಕದ್ದಿಟ್ಟೆ. ಪೂರ್ತಿ ವಾಕ್ಯ ಓದಿ ಸ್ವಾಮಿ."

ಕೋರ್ಟಿನಲ್ಲಿ ಒಮ್ಮೆಲೇ ಗೌಜು. ಯಾರೋ ಹಿಂದಿನಿಂದ ಆ ಹಳೆಯ ಹೆಸರು ಹಿಡಿದು ಕೂಗಿ, ಕೊನೆಗೊಂದು "ಸಾರ್" ಸೇರಿಸಿದರು. ಕಂಪನಿ ವಕೀಲನ ಮುಖ ಮೊದಲು ಬಿಳಿಚಿಕೊಂಡಿತು, ಆಮೇಲೆ ಅರಳಿತು.

"ಸ್ವಾಮಿ, ಬಾಯಲ್ಲಿ ಹೇಳಿದ್ರೆ ನಂಬೋಕಾಗತ್ತಾ? ಗ್ರಂಥಕರ್ತರು ಗಂಡಸರು. ಇವರು ಹೆಂಗಸು ಅಂತಾರೆ. ಇವರೇ ಅವರು ಅಂತ ಆಗ್ಬೇಕಾದ್ರೆ ಡಾಕ್ಟರ್ ಹತ್ರ ಕಳಿಸಿ ಒಂದು ಪರೀಕ್ಷೆ..."

ನಗು ಕೋರ್ಟಿನ ಈ ಗೋಡೆಯಿಂದ ಆ ಗೋಡೆಗೆ ಹೋಯಿತು. ನ್ಯಾಯಾಧೀಶರು ಪೆನ್ನು ಮೇಲೆತ್ತಿದರು. "ಅದು ಬರೀ ಒಂದು ಔಪಚಾರಿಕ..." ಎಂದು ಶುರು ಮಾಡಿದ್ದರು.

"ಇಲ್ಲ" ಎಂದಳು ಕಾನೂನಮ್ಮ.

"ಮೇಡಂ, ಪೂರ್ತಿ ಕೇಳಿ."

"ಕೇಳಲ್ಲ ಸ್ವಾಮಿ. ಬಿಚ್ಚಲ್ಲ. ನಿಮ್ಮ ಡಾಕ್ಟರ ಮುಂದೂ ಬಿಚ್ಚಲ್ಲ, ನಿಮ್ಮ ಮುಂದೂ ಬಿಚ್ಚಲ್ಲ. ಆ ಪುಟ ಬರೆದದ್ದು ಕೈ. ಕೈಬರಹ ನೋಡಿ. ನನ್ನ ಬಟ್ಟೆಯೊಳಗೆ ಯಾವ ಪುಟವೂ ಇಲ್ಲ." ಮೇಜಿನ ಮೇಲಿದ್ದ ಹಾಳೆ ಎಳೆದುಕೊಂಡು "ಇಲ್ಲಿಗೆ ಸಾಕು" ಎಂದು ನಾಲ್ಕು ಸಲ ಬರೆದಳು. ಹಳೆಯ ಸಹಿಯನ್ನೂ ಹಾಕಿದಳು. ಕಂಪನಿ ವಕೀಲನ ಕಡೆ ತಿರುಗಿದಳು. "ನಿಮಗೆ ಇನ್ನೊಬ್ಬರ ಬಟ್ಟೆ ಬಿಚ್ಚಿಸಿ ನೋಡೋ ಚಪಲ. ಅದಕ್ಕೆ ಕಾನೂನಿನ ಕೋಟು ಹಾಕ್ಕೊಂಡು ಬಂದಿದ್ದೀರ. ಆ ಕೋಟು ಹೊಲಿದುಕೊಟ್ಟವಳು ನಾನು. ನನಗೆ ನಿಮ್ಮನ್ನ ನೋಡಿದ್ರೂ ಹೇಸಿಗೆ, ನನ್ನ ನೋಡಿಕೊಂಡ್ರೂ ಹೇಸಿಗೆ."

ನ್ಯಾಯಾಧೀಶರು ಹಾಳೆಯನ್ನು ಸಂಪುಟದ ಪಕ್ಕ ಇಟ್ಟು ತುಂಬಾ ಹೊತ್ತು ನೋಡಿದರು. ಗಡಿಯಾರ ನೋಡಲಿಲ್ಲ. ಆಮೇಲೆ ಪೂರ್ತಿ ವಾಕ್ಯವನ್ನು ತಾವೇ ಗಟ್ಟಿಯಾಗಿ ಓದಿ, ಬರೆದುಕೊಳ್ಳುವವನಿಗೆ ಬರೆಸಿದರು. ಇನ್ನೂರ ಹದಿನಾಲ್ಕನೆಯ ಪುಟವನ್ನು ಈ ಕೋರ್ಟು ಒಪ್ಪುವುದಿಲ್ಲ ಎಂದೂ ಬರೆಸಿದರು. ಕಾವಲುಗಾರರ ಕೋಣೆಯಲ್ಲಿ ಏನಾಯಿತು ಎಂಬುದನ್ನು ಕೆಲಸಗಾರ್ತಿ ಪ್ರಮಾಣ ಮಾಡಿ ಬರೆದುಕೊಡಲಿ, ನಾಳೆ ಅದನ್ನೇ ಮೊದಲು ಕೇಳುತ್ತೇನೆ ಎಂದರು. ಕಂಪನಿ ವಕೀಲ ಕುರ್ಚಿಯಲ್ಲಿ ಕುಸಿದು ಕನ್ನಡಕ ಒರೆಸಿಕೊಳ್ಳುತ್ತಿದ್ದ.

"ಮೇಡಂ, ನಿಮ್ಮ ವಿಷಯ ವಕೀಲರ ಪರಿಷತ್ತಿಗೆ ಬರೀಲೇಬೇಕಾಗತ್ತೆ" ಎಂದರು ನ್ಯಾಯಾಧೀಶರು ಕೊನೆಗೆ.

"ಬರೀರಿ ಸ್ವಾಮಿ."

ಹೊರಗೆ ವರಾಂಡ. ಗೋಡೆಗೆ ಹೊಂದಿಕೊಂಡು ಕಲ್ಲಿನ ಬೆಂಚು. ಕಾನೂನಮ್ಮ ಕೂತಳು. ಗೆದ್ದಿದ್ದೇವೆ, ಮುಕ್ಕಾಲು ಗೆದ್ದಿದ್ದೇವೆ. ಕೆಂಚಿ ಓಡಿ ಬಂದು ಕೈ ಹಿಡಿದುಕೊಳ್ಳುತ್ತಾಳೆ ಎಂದು ಅವಳ ಮನಸ್ಸಿನ ಒಂದು ಮೂಲೆ ಕಾಯುತ್ತಿತ್ತು. ಈ ಬುದ್ಧಿವಂತರಿಗೆ ಇದೊಂದು ರೋಗ. ತಪ್ಪು ಒಪ್ಪಿಕೊಂಡ ಮರುಗಳಿಗೆಯೇ ಯಾರಾದರೂ ಬೆನ್ನು ತಟ್ಟಬೇಕು.

ಕೆಂಚಿ ಬಂದಳು. ಎದುರಿಗೆ ನಿಂತಳು. ಕೂರಲಿಲ್ಲ.

"ಒಳಗೆ ಹೇಳಿದ್ದು ನಿಜಾನಾ?"

"ನಿಜ."

"ನನ್ನ ಕಾಗದದಲ್ಲಿ ಇದ್ದ ಆ ಸಾಲು? ಕೆಲಸದಿಂದ ತೆಗೆದ ಕಾಗದದಲ್ಲಿ?"

"ನಾನು ಬರೆದದ್ದೇ."

"ನಾನು ಬಂದ ಮೊದಲ ದಿನವೇ ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

ಕೆಂಚಿ ಪಕ್ಕಕ್ಕೆ ತಿರುಗಿ ಉಗಿದಳು. ನೆಲದ ಮೇಲೆಯೇ. ಜೀವಮಾನವೆಲ್ಲ ಬೇರೆಯವರ ಉಗುಳು ಒರೆಸಿದವಳು ಅದನ್ನು ಒರೆಸಲಿಲ್ಲ.

"ಆವತ್ತು ವಾಂತಿ ಮಾಡ್ಕೊಂಡ್ರಿ. ನನ್ನ ಕಥೆ ಕೇಳಿ ಕರುಳು ಕಿತ್ತು ಬಂತು ಅಂದ್ಕೊಂಡೆ. ಮನೆಗೆ ಹೋಗಿ ನಮ್ಮವರಿಗೆಲ್ಲ ಹೇಳಿದೆ, ಕಾನೂನಮ್ಮ ಅಂದ್ರೆ ನಮ್ಮಮ್ಮ ಅಂತ. ಥೂ!"

"ಬೈಯಿ. ಇನ್ನೂ ಬೈಯಿ."

"ನೀವು ಹೇಳಿದಾಗ ಬೈಯೋಕೆ, ನೀವು ಹೇಳಿದಾಗ ಸುಮ್ನಿರೋಕೆ ನಾನೇನು ನಿಮ್ಮ ಮನೆ ಆಳಾ?" ಕೆಂಚಿಯ ಧ್ವನಿ ಏರಿತು. ಹೋಗುವವರು ತಿರುಗಿ ನೋಡಿದರು. "ನಾಳೆಯ ಹೇಳಿಕೆ ಬರೀಬೇಕಲ್ಲ, ಪೆನ್ನು ತೆಗೀರಿ. ಕೇಸು ನಾನು ಬಿಡಲ್ಲ. ನೀವೂ ಬಿಡಂಗಿಲ್ಲ."

ಕಾನೂನಮ್ಮ ತೊಡೆಯ ಮೇಲೆ ಹಾಳೆ ಇಟ್ಟುಕೊಂಡಳು. ಕೆಂಚಿ ನಿಂತುಕೊಂಡೇ ಹೇಳಿದಳು. ಹೊಟ್ಟೆ ಕೆಟ್ಟದ್ದು, ಬಾಗಿಲು ಒದ್ದದ್ದು, ಟಾರ್ಚು, ನಗು, ಕೈಗೆ ಉಜ್ಜಿಕೊಂಡ ಔಷಧಿ, ಆಮೇಲೆ ಕಮೋಡು ತೊಳೆದದ್ದು. ಒಂದನ್ನೂ ಬಿಡಲಿಲ್ಲ. ಈ ಸಲ ಕೆನ್ನೆಗೆ ಹೊಡೆದುಕೊಳ್ಳಲಿಲ್ಲ. ನಾಲ್ವರ ಹೆಸರನ್ನೂ ಹೇಳಿ ಬರೆಸಿದಳು.

"ಆಯ್ತಾ?" ಎಂದಳು ಕಾನೂನಮ್ಮ.

"ಆಗಿಲ್ಲ. ಐದು ಜನ ಇದ್ರು."

"ನಾಲ್ಕು ಅಂತ ಹೇಳಿದ್ದೆಯಲ್ಲ?"

"ಆಗ ಗೊತ್ತಿರ್ಲಿಲ್ಲ. ಇವತ್ತು ಗೊತ್ತಾಯ್ತು. ಬಿಚ್ಚು ಅಂದಾಗ ಆ ಹೆಂಗಸಿನ ಕೈಲಿ ಒಂದು ಕಾಗದ ಇತ್ತು, ಪುಸ್ತಕದಲ್ಲೇ ಹೀಗಿದೆ ನೋಡು ಅಂದ್ಲು. ಆ ಪುಸ್ತಕದವನೂ ಅಲ್ಲಿದ್ದ. ಅವನ ಹೆಸರೂ ಬರೀರಿ."

"ಕೆಂಚಿ, ಇದು ಕಾನೂನಿನ ಮುಂದೆ ನಿಲ್ಲಲ್ಲ."

"ನಿಲ್ಲೋದು ಬೀಳೋದು ನಿಮ್ಮ ಕಾನೂನಿಗೆ. ಹೇಳಿಕೆ ನನ್ನದು. ನಾನು ಹೇಳ್ತೀನಿ, ನೀವು ಬರೀರಿ."

ಕಾನೂನಮ್ಮನ ಬಾಯಿಗೆ ಹತ್ತು ವಾದ ಬಂದವು. ಹತ್ತೂ ಸರಿಯಾದ ವಾದಗಳೇ. ಹತ್ತನ್ನೂ ನುಂಗಿಕೊಂಡು, ನಾಲ್ಕು ಹೆಸರಿನ ಕೆಳಗೆ ಐದು ಎಂದು ಹಾಕಿ, ಆ ಹೆಸರು ಬರೆದಳು.

"ನಂಗೆ ಓದೋಕೆ ಬರಲ್ಲ. ಓದಿ ಹೇಳಿ."

ಓದಿದಳು. ಸೂಪರ್‌ವೈಸರನ ಹೆಸರು. ಇಬ್ಬರು ಕಾವಲುಗಾರರ ಹೆಸರು. ಅಧಿಕಾರಿಯ ಹೆಸರು. ಐದನೆಯದನ್ನು ಓದುವಾಗ ಧ್ವನಿ ಕುಗ್ಗಿತು.

"ನಂಗೇ ಕೇಳಿಸ್ಲಿಲ್ಲ" ಎಂದಳು ಕೆಂಚಿ.

ಕೋರ್ಟಿನೊಳಗಿಂದ ಹೊರಬಿದ್ದ ವಕೀಲರು ವರಾಂಡದ ತುಂಬ ನಿಂತು ನೋಡುತ್ತಿದ್ದರು. ಕಾನೂನಮ್ಮ ಬೆಂಚಿನಿಂದ ಎದ್ದು ನಿಂತಳು. ವರಾಂಡದ ಆ ತುದಿಗೂ ಕೇಳುವಂತೆ, ಐದನೆಯ ಹೆಸರನ್ನು ಮತ್ತೆ ಓದಿದಳು.